ದೊಡ್ಡಮಳೂರಿನ ದಾರಿಯಲ್ಲಿ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ನಡುದಾರಿಯ ಚನ್ನಪಟ್ಟಣದಲ್ಲಿ ಇಳಿಯುವುದು ಈಗ ಅಪರೂಪವಾಗಿದೆ. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಮೋಟಾರುಗಳೆಲ್ಲ ಊರನ್ನು ಹೊರಗಿನಿಂದಲೇ ಬಳಸಿ ಓಡಿಬಿಡುತ್ತವೆ. ರೈಲಿನವರಾದರೋ ನಿಲ್ದಾಣದ ಹೆಸರನ್ನೋದಿ, “ಓ, ಗೊಂಬೆಗಳ ಊರು” ಎಂದುಕೊಂಡು, ಮುಂದೆ ಬರುವ ಮದ್ದೂರು ವಡೆಗಾಗಿ ಚಿಲ್ಲರೆ ಹುಡುಕತೊಡಗುತ್ತಾರೆ. ಅಂಥ ಊರಿನಲ್ಲಿ ಒಂದು ಭಾನುವಾರ ಬೆಳಗ್ಗೆ, ಮೂರು ಚೀಲ, ಒಂದು ಕೊಡೆ, ಒಂದು ಥರ್ಮಾಸ್ ಫ್ಲಾಸ್ಕು, ಹೆಂಡತಿ, ಒಂದು ವರ್ಷ ಹತ್ತು ತಿಂಗಳ ಮಗಳು—ಇಷ್ಟು ಪರಿವಾರದೊಡನೆ ನಾನು ಇಳಿದೆ.

ಇಳಿದುದಕ್ಕೆ ಕಾರಣವಿತ್ತು. ನಮ್ಮ ಪ್ರಯಾಣ ನಿಜವಾಗಿ ಮೈಸೂರಿಗೆ. ಪುಟ್ಟಿಗೆ ಇನ್ನೂ ಮಾತು ಬಂದಿರಲಿಲ್ಲ. ‘ಅಮ್ಮ’ ಎಂಬುದೂ ಇಲ್ಲ, ‘ತಾತ’ ಎಂಬುದೂ ಇಲ್ಲ. ನಗುತ್ತಾಳೆ, ಕಿರುಚುತ್ತಾಳೆ, ಕೈಹಿಡಿದು ಎಳೆಯುತ್ತಾಳೆ. ಆದರೆ ಇದು ಇಂಥ ಪದವೆಂದು ಗುರುತಿಸಬಹುದಾದ ಒಂದು ಧ್ವನಿಯೂ ಆ ಬಾಯಿಂದ ಹೊರಟಿಲ್ಲ. ಎದುರುಮನೆಯ ಮಗು, ಇವಳಿಗಿಂತ ಎರಡು ತಿಂಗಳು ಚಿಕ್ಕದು, ಕಾಂಪೌಂಡಿನ ಮೇಲೆ ಕುಳಿತ ಕಾಗೆಯನ್ನು ಹೆಸರು ಹಿಡಿದು ಕರೆಯುತ್ತದೆ. ನಮ್ಮ ಬಡಾವಣೆಯ ವೈದ್ಯರು, ಮಾತು ತಡವಾದಾಗ ಮೊದಲು ನೋಡಬೇಕಾದದ್ದು ನಾಲಗೆಯನ್ನಲ್ಲ, ಕಿವಿಯನ್ನು ಎಂದು ತಿಳಿಹೇಳಿ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿಬನ್ನಿರೆಂದರು. ಸೋಮವಾರ ಬೆಳಗ್ಗೆ ಹೋಗುವುದೆಂದು ನಿಶ್ಚಯವಾಯಿತು.

ಈ ಸುದ್ದಿ ಊರಿನಲ್ಲಿದ್ದ ನನ್ನ ತಾಯಿಗೆ ಮುಟ್ಟಿತು. “ಕಿವಿಯೂ ಇಲ್ಲ, ನಾಲಗೆಯೂ ಇಲ್ಲ. ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸ್ತೀನಿ ಅಂತ ಹೇಳಿಕೊಂಡಿದ್ದೆ. ಮಗುವಿಗೆ ಎರಡು ತುಂಬ್ತಾ ಬಂತು. ಒಪ್ಪಿಸಿದೀರೇನಪ್ಪ?” ಎಂದು ದೂರವಾಣಿಯಲ್ಲಿ ಕೇಳಿದರು. ನಮ್ಮ ಮದುವೆಯಾಗಿ ನಾಲ್ಕು ವರ್ಷ ಮಕ್ಕಳಿರಲಿಲ್ಲ. ಆಗ ಅವರೇ ನಮ್ಮಿಬ್ಬರನ್ನೂ ದೊಡ್ಡಮಳೂರಿಗೆ ಕರೆದೊಯ್ದು ಹರಕೆ ಹೊತ್ತಿದ್ದರು. ಹರಕೆಗೂ ಮಾತಿಗೂ ಸಂಬಂಧ ಕಲ್ಪಿಸುವುದು ನನಗೆ ಒಪ್ಪಿಗೆಯಾಗದ ವಿಚಾರ. ಆದರೆ ನನ್ನಾಕೆ, ನಂಬುತ್ತೇನೆಂದೂ ಹೇಳದೆ ನಂಬುವುದಿಲ್ಲವೆಂದೂ ಹೇಳದೆ, “ದಾರಿಯಲ್ಲೇ ಇದೆಯಲ್ಲ, ಇಳಿದು ಹೋಗೋಣ” ಎಂದಳು. ಕನ್ನಡದಲ್ಲಿ ಎಂ.ಎ. ಮಾಡಿ, ಕನ್ನಡವನ್ನೇ ಪಾಠ ಹೇಳಿ ಅನ್ನ ಉಣ್ಣುವವನ ಮನೆಯಲ್ಲಿ ಕನ್ನಡದ ಒಂದಕ್ಷರವನ್ನೂ ಆಡದ ಮಗು ಎಂದು ನನ್ನ ಸಹೋದ್ಯೋಗಿಗಳು ವಿನೋದ ಮಾಡುವುದುಂಟು. ನಾನೂ ಅವರೊಡನೆ ನಕ್ಕದ್ದುಂಟು. ಮನೆಗೆ ಬಂದು ಆ ವಿನೋದವನ್ನು ಒಮ್ಮೆ ಹೇಳಿದೆ. ಅವಳು ನಗಲಿಲ್ಲ. ಮತ್ತೆ ಹೇಳಲಿಲ್ಲ.

ಕೆಂಗೇರಿಯಲ್ಲಿ ಪ್ಯಾಸೆಂಜರು ಗಾಡಿ ಹತ್ತಿದೆವು. ಕಿಟಕಿಯ ಪಕ್ಕದ ಜಾಗ ಮಗುವಿಗೆ. ಮಗುವನ್ನು ಹಿಡಿದುಕೊಳ್ಳಬೇಕಾದ್ದರಿಂದ ಅದರ ತಾಯಿಗೆ. ಚೀಲಗಳನ್ನು ಹಿಡಿದುಕೊಳ್ಳಬೇಕಾದ್ದರಿಂದ ನನಗೆ ಅಂಚಿನ ಜಾಗ. ಮೂರು ಚೀಲಗಳಲ್ಲಿ ನಮ್ಮಿಬ್ಬರ ಬಟ್ಟೆ ಒಂದರ ಅರ್ಧವನ್ನೂ ತುಂಬಿರಲಿಲ್ಲ. ಉಳಿದುದೆಲ್ಲ ಪುಟ್ಟಿಯದು: ಎಂಟು ಜೊತೆ ಬಟ್ಟೆ, ಡೈಪರುಗಳ ಕಟ್ಟು, ಹಳೆಯ ಪಂಚೆ ಹರಿದು ಮಾಡಿದ ಒರೆಸುವ ತುಂಡುಗಳು, ಟೋಪಿ, ಜ್ವರದ ಔಷಧಿ, ಬಿಸಿನೀರು, ತಣ್ಣೀರು, ಮೊಸರನ್ನದ ಡಬ್ಬಿ, ಬಾಳೆಹಣ್ಣು, ಬಿಸ್ಕತ್ತು, ನಿದ್ದೆ ಬಂದಾಗ ಮುಖಕ್ಕೆ ಒತ್ತಿಕೊಳ್ಳಲು ಒಂದು ಹಳೆಯ ರವಿಕೆ. ಆ ರವಿಕೆಯಿಲ್ಲದೆ ನಿದ್ದೆಯಿಲ್ಲವೆಂಬುದು ನನಗೆ ಅಂದು ತಿಳಿಯಿತು. ಮನೆಯಲ್ಲಿ ನಾನು ಒಂಬತ್ತು ಗಂಟೆಗೆ ಕಾಲೇಜಿಗೆ ಹೊರಟುಬಿಡುವವನು. ಸಂಜೆ ಬಂದಾಗ ಮಗುವಿಗೆ ಮುಖ ತೊಳೆದು, ತಲೆ ಬಾಚಿ, ಕಾಡಿಗೆಯ ಬೊಟ್ಟಿಟ್ಟು ಸಿದ್ಧಪಡಿಸಿರುತ್ತಾಳೆ. ಅಚ್ಚಾಗಿ ಬಂದ ಪುಸ್ತಕವನ್ನು ಓದುವವನಂತೆ ನಾನು; ಕರಡು ತಿದ್ದುವ ಪಾಡನ್ನು ಕಂಡವನಲ್ಲ.

ಗಾಡಿ ಹೆಜ್ಜಾಲ ದಾಟುವಷ್ಟರಲ್ಲಿ ಒಂದು ಸಂಗತಿಯನ್ನು ಗಮನಿಸಿದೆ. ನನ್ನಾಕೆ ಒಂದು ಕ್ಷಣವೂ ಮಾತು ನಿಲ್ಲಿಸಿರಲಿಲ್ಲ. “ಅಲ್ಲಿ ನೋಡು, ಹಸು. ಏನು ತಿಂತಾ ಇದೆ ಹಸು?” ಎಂದು ಕೇಳುವಳು. ಕೇಳಿ, ಮಗುವಿನ ಮುಖ ನೋಡುತ್ತ, ಮೂರು ಎಣಿಸುವಷ್ಟು ಹೊತ್ತು ಕಾಯುವಳು. ಆಮೇಲೆ ತಾನೇ, ತುಸು ಎಳೆಯ ದನಿಯಲ್ಲಿ, “ಹುಲ್ಲು ತಿಂತಾ ಇದೆ ಅಮ್ಮ” ಎನ್ನುವಳು. “ಹೌದಾ, ಹುಲ್ಲಾ? ನಿನಗೂ ಬೇಕಾ ಹುಲ್ಲು?” ಮತ್ತೆ ಮೂರೆಣಿಕೆ. “ಬೇಡಮ್ಮ, ನನಗೆ ಬಿಸ್ಕತ್ತು.” ಹೀಗೆ ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ನಡುವೆ ಬಿಟ್ಟ ಆ ಖಾಲಿ ಜಾಗವೊಂದೇ ಮಗುವಿಗಾಗಿ ಮೀಸಲು. ಎದುರಿಗೆ ಕುಳಿತಿದ್ದ ಮುದುಕಿಯೊಬ್ಬರು ಸ್ವಲ್ಪ ಹೊತ್ತು ಕೇಳಿ, “ಮಗ ಮಾತಾಡಾಕಿಲ್ವಾ ತಾಯಿ?” ಎಂದರು. “ಆಡ್ತಾಳೆ ಅಜ್ಜಿ, ಈಗ ನಿದ್ದೆ ಗುಂಗು” ಎಂದು ನನ್ನಾಕೆ ಸುಳ್ಳು ಹೇಳಿದಳು. ಪುಟ್ಟಿ ಕಣ್ಣರಳಿಸಿ ಕಿಟಕಿಯ ಸರಳನ್ನು ನೆಕ್ಕುತ್ತಿದ್ದಳು.

ಬಿಡದಿ ದಾಟಿದ ಮೇಲೆ ಬಂಡೆಗಳು ಆರಂಭವಾಗುತ್ತವೆ. ರಾಮನಗರದ ಬೆಟ್ಟಗಳನ್ನು ರೈಲಿನಿಂದ ನೋಡುವುದೇ ಚೆನ್ನ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಕೃಪೆಯಿಂದ ದೇಶಕ್ಕೆಲ್ಲ ಪರಿಚಿತವಾದ ಈ ಬೋಳುಬಂಡೆಗಳು, ಆನೆಗಳ ಹಿಂಡು ಮಲಗಿದಂತೆ ಒಂದರ ಮಗ್ಗುಲಿಗೆ ಒಂದು ಸರಿದುಹೋಗುತ್ತವೆ. ನಾನು ಹೀಗೆ ಹೇಳಿದಾಗ ನನ್ನಾಕೆ ಕೂಡಲೆ, “ಅಪ್ಪ ಏನಂದ್ರು? ಆನೆ ಅಂದ್ರಾ? ಆನೆ ಹೇಗೆ ನಡೆಯತ್ತೆ?” ಎಂದು ಮಗುವಿನತ್ತ ತಿರುಗಿದಳು. ಪುಟ್ಟಿ ತೋಳನ್ನು ಮೂಗಿನ ಮುಂದೆ ತಂದು ಸೊಂಡಿಲಾಡಿಸಿದಳು! ನಾನು ಬೆರಗಾದೆ. “ಇದು ಬರುತ್ತದೆಯೆ ಅವಳಿಗೆ?” “ಹೋದ ತಿಂಗಳಿಂದ ಬರತ್ತೆ” ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ಆದರೆ ನಾನು ಹೇಳುವಾಗ ತಲೆ ಆಡಿಸಿದೆನೇನೋ. ಅದನ್ನು ನೋಡಿ ಮಾಡಿರಬಹುದು” ಎಂದು ಸೇರಿಸಿದಳು. ಆ ಮಾತಿನ ಭಾರ ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ.

ಚನ್ನಪಟ್ಟಣದಿಂದ ದೊಡ್ಡಮಳೂರಿಗೆ ಹಳೆಯ ಮೈಸೂರು ರಸ್ತೆಯಲ್ಲಿ ಸುಮಾರು ಮೂರು ಕಿಲೋಮೀಟರು. ಆಟೋದವನು ಗುಡಿಯ ಮುಂದೆಯೇ ಇಳಿಸಿದ. ಹತ್ತಿರದಲ್ಲೇ ಕಣ್ವಾನದಿ ಹರಿಯುತ್ತದೆ. ಹರಿಯುತ್ತದೆ ಎನ್ನುವುದಕ್ಕಿಂತ, ಮಳೆಗಾಲ ಕರುಣಿಸಿದಾಗ ಹರಿಯುತ್ತದೆ ಎನ್ನುವುದು ಸರಿ. ಮರಳಿನ ಊರು, ಮರಳೂರು, ಅದೇ ಮಳೂರಾಯಿತೆಂದು ಹೇಳುತ್ತಾರೆ. ಚೋಳರ ಕಾಲಕ್ಕೆ ಸಲ್ಲುವ ಪ್ರಾಚೀನ ದೇವಾಲಯ. ದೇವಾಲಯದ ಒಡೆಯ ಅಪ್ರಮೇಯ ಸ್ವಾಮಿ, ಎಂದರೆ ಅಳತೆಗೆ ಸಿಕ್ಕದವನು. ಜೊತೆಗೆ ಅರವಿಂದವಲ್ಲಿ ಅಮ್ಮನವರು. ಆದರೆ ಪಾಪ, ಅಳತೆಗೆ ಸಿಕ್ಕದ ಆ ದೊಡ್ಡವನನ್ನು ಕೇಳುವವರು ಕಡಮೆ. ಜನವೆಲ್ಲ ಹೋಗುವುದು ಪ್ರಾಕಾರದ ಪುಟ್ಟ ಗುಡಿಯೊಳಗಿರುವ, ಕೈಯಳತೆಗೆ ಸಿಕ್ಕುವ, ಅಂಬೆಗಾಲಿಟ್ಟ ನವನೀತಕೃಷ್ಣನಲ್ಲಿಗೆ. ಒಂದು ಕೈ ನೆಲಕ್ಕೂರಿ, ಇನ್ನೊಂದರಲ್ಲಿ ಬೆಣ್ಣೆ ಹಿಡಿದು, ಎಲ್ಲಿಗೋ ಹೊರಟು ಯಾರದೋ ಕರೆಗೆ ತಡೆದು ನಿಂತಂತಿರುವ ಶಿಶು. ಸುತ್ತಲೂ ಹರಕೆಯ ತೊಟ್ಟಿಲುಗಳು. ಅಂಗೈಯಗಲದ ಮರದ ತೊಟ್ಟಿಲುಗಳು, ಒಂದೊಂದರ ಹಿಂದೆ ಒಂದೊಂದು ಮನೆಯ ಕಾಯುವಿಕೆ.

ಪುರಂದರದಾಸರು ಇಲ್ಲಿಗೆ ಬಂದಿದ್ದರೆಂಬುದು ಐತಿಹ್ಯ. ಯಶೋದೆ ಮಗನನ್ನು ಆಡಿಸುವುದನ್ನು ಕುರಿತ ಅವರ ಸುಪ್ರಸಿದ್ಧ ಕೀರ್ತನೆ ಇಲ್ಲಿಯೇ ಹುಟ್ಟಿತಂತೆ. ದಾಸರು ಬಂದಾಗ ಬಾಗಿಲು ಹಾಕಿತ್ತೆಂದೂ, ಹೊರಗೆ ನಿಂತು ಹಾಡಿದರೆಂದೂ, ಹಾಡನ್ನು ಕೇಳಿ ಕೃಷ್ಣ ಅವರತ್ತ ಕತ್ತು ಹೊರಳಿಸಿದನೆಂದೂ ಊರವರು ಹೇಳುತ್ತಾರೆ. ನಾನು ಇದನ್ನು ತರಗತಿಯಲ್ಲಿ ಹಲವು ಬಾರಿ ಹೇಳಿದ್ದೇನೆ. ಭರತನ ಎಂಟು ರಸಗಳಲ್ಲಿ ವಾತ್ಸಲ್ಯಕ್ಕೆ ಸ್ಥಾನವಿಲ್ಲವೆಂದೂ, 14ನೆಯ ಶತಮಾನದ ವಿಶ್ವನಾಥ ‘ಸಾಹಿತ್ಯದರ್ಪಣ’ದಲ್ಲಿ ಅದನ್ನು ರಸವೆಂದು ಒಪ್ಪಿಕೊಂಡನೆಂದೂ, ಹರಿದಾಸರು ಅದಕ್ಕೆ ಕನ್ನಡದಲ್ಲಿ ತೊಟ್ಟಿಲು ಕಟ್ಟಿದರೆಂದೂ ವಿಸ್ತರಿಸಿ ಹೇಳಿ, ವಿದ್ಯಾರ್ಥಿಗಳು ತಲೆದೂಗಿದ್ದನ್ನು ಕಂಡು ಸಂತೋಷಪಟ್ಟಿದ್ದೇನೆ.

ಗುಡಿಯ ಬಳಿಯ ಅಂಗಡಿಯಲ್ಲಿ ತೊಟ್ಟಿಲನ್ನೂ ಬೆಣ್ಣೆಯನ್ನೂ ಕೊಂಡು ಸಾಲಿನಲ್ಲಿ ನಿಂತೆವು. ಭಾನುವಾರವಾದ್ದರಿಂದ ಜನ ಬಹಳ. ಎಲ್ಲಿ ನೋಡಿದರೂ ತಾಯಂದಿರು. ಇನ್ನೂ ತಾಯಂದಿರಾಗದವರನ್ನು ಅವರ ನಿಲುವಿನಿಂದಲೇ ಗುರುತಿಸಬಹುದಾಗಿತ್ತು. ಮೊದಲ ಸಲ ಬಂದಾಗ ಇವಳೂ ಹಾಗೆಯೇ, ಸೆರಗನ್ನು ಎರಡು ಕೈಯಲ್ಲಿ ಹಿಡಿದು, ಅಲುಗದೆ ನಿಂತಿದ್ದಳು. ಈಗ ಅಲುಗದೆ ನಿಲ್ಲುವ ಭಾಗ್ಯ ಎಲ್ಲಿಯದು? ಒಂದು ಕಂಕುಳಲ್ಲಿ ಮಗು, ಒಂದು ಹೆಗಲಿಗೆ ಚೀಲ. ಮಗು ಮೂಗುತಿಯನ್ನು ಎಳೆಯುತ್ತದೆ, ಮುಂದಿನವರ ಜಡೆಯ ಹೂವನ್ನು ಕೀಳುತ್ತದೆ, ಇಳಿಸೆಂದು ಬಿಲ್ಲಿನಂತೆ ಬಾಗುತ್ತದೆ. ಇಳಿಸಿದಳು. ಪುಟ್ಟಿ ನಾಲ್ಕು ಹೆಜ್ಜೆ ನಡೆದು, ಒಳಗಿದ್ದ ಕೃಷ್ಣನನ್ನು ಜನರ ಕಾಲುಗಳ ನಡುವಿನಿಂದ ಕಂಡು, ನಿಂತು, ಯೋಚಿಸಿ, ತಾನೂ ಕಲ್ಲುಹಾಸಿನ ಮೇಲೆ ಅಂಬೆಗಾಲಿಟ್ಟಳು. ನಡೆಯಲು ಕಲಿತು ಒಂಬತ್ತು ತಿಂಗಳಾದ ಮಗು! ಸಾಲಿನಲ್ಲಿದ್ದವರೆಲ್ಲ ನಕ್ಕರು. “ಬಾ ತಾಯಿ, ನಿನಗೂ ಬೆಣ್ಣೆ ಕೊಡುತ್ತೇನೆ” ಎಂದು ಅರ್ಚಕರು ಒಳಗಿನಿಂದ ಕರೆದರು. ಆ ಒಂದು ನಿಮಿಷ ನನ್ನಾಕೆಯ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಬೆಳಕನ್ನು ಕಂಡೆ.

ಅಷ್ಟರಲ್ಲಿ ಮಂಗಳಾರತಿಯಾಯಿತು. ಗಂಟೆ, ಜಾಗಟೆ, ನಗಾರಿ ಒಮ್ಮೆಗೇ ಮೊಳಗಿದವು. ಹಳೆಯ ಮಂಟಪದ ಕಲ್ಲಿನ ಮಾಡು. ಸದ್ದು ಎದೆಗೆ ಗುದ್ದಿದಂತೆ ಬಂತು. ನಮ್ಮ ಹಿಂದೆ ಒಬ್ಬಾಕೆಯ ಹೆಗಲ ಮೇಲೆ ಮಲಗಿದ್ದ ಕೂಸು ಬೆಚ್ಚಿ ಚೀರಿತು. ಇನ್ನೊಂದು ಮಗು ತಂದೆಯ ಕೊರಳಿಗೆ ಜೋತುಬಿತ್ತು. ನಾನು ಕೈಮುಗಿದು ಕಣ್ಣುಮುಚ್ಚಿದೆ. ಕಣ್ಣು ತೆರೆದಾಗ ನನ್ನಾಕೆ ಅಲ್ಲಿರಲಿಲ್ಲ. ಮಗುವನ್ನು ಎತ್ತಿಕೊಂಡು ಜನರನ್ನು ಸರಿಸುತ್ತ ಹೊರಗೆ ಹೋಗುತ್ತಿದ್ದಳು. ಮಗುವಿಗೆ ಏನೋ ಅವಸರವಾಗಿರಬೇಕೆಂದು ನಾನು ಎಣಿಸಿದೆ. ಸಾಲು ಮುಂದೆ ಸರಿಯಿತು. ತೊಟ್ಟಿಲನ್ನು ನಾನೇ ಒಪ್ಪಿಸಿದೆ. ಕೃಷ್ಣನ ಕತ್ತಿನ ಓರೆಯನ್ನು ಕಣ್ತುಂಬ ನೋಡಿದೆ. ಮುಂದಿನ ವರ್ಷದ ಪಾಠಕ್ಕೆ ಎರಡು ವಾಕ್ಯಗಳನ್ನು ಮನಸ್ಸಿನಲ್ಲಿ ಹೊಂದಿಸಿಕೊಂಡೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಪ್ರಸಾದ ಹಿಡಿದು ಹೊರಬಂದಾಗ ಅವಳು ಜಗತಿಯ ನೆರಳಿನಲ್ಲಿ ಕುಳಿತು ಮಗುವಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ಪುಟ್ಟಿಯ ಮುಷ್ಟಿಯಲ್ಲಿ ಎಲ್ಲಿಂದಲೋ ಸಿಕ್ಕಿದ ತುಳಸಿಯ ಕುಡಿಯೊಂದು ಇತ್ತು. ಅದರ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತ ಕುಳಿತಿದ್ದಳು.

“ನೀನು ಹೋಗಿ ಬಾ, ನಾನು ನೋಡಿಕೊಳ್ಳುತ್ತೇನೆ” ಎಂದೆ.

“ಎಲ್ಲ ಗಂಟೆ ಹೊಡೆದರಲ್ಲ,” ಎಂದಳು, “ಇವಳು ತಲೆ ಎತ್ತಲಿಲ್ಲ ರೀ. ಈ ತುಳಸಿ ಎಲೆ ಕೀಳ್ತಾ ಇದ್ದಳು. ಕೀಳ್ತಾನೇ ಇದ್ದಳು.”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಗಂಟೆಗೆ ಹೆದರದ ಮಕ್ಕಳೂ ಇರುತ್ತಾರೆ, ಬೆಂಗಳೂರಿನ ಗದ್ದಲದಲ್ಲಿ ಬೆಳೆದವಳು, ಎಂದು ಏನೇನೋ ಹೇಳಿದೆ. ಅವಳು ಒಂದು ತುತ್ತನ್ನು ಸಣ್ಣದಾಗಿ ಉಂಡೆಮಾಡಿ ಮಗುವಿನ ಬಾಯಿಗಿಟ್ಟು, ಗಲ್ಲ ಒರೆಸಿ, ಬಹಳ ನಿಧಾನವಾಗಿ ಹೇಳಿದಳು: “ಮನೆಯಲ್ಲಿ ಪರೀಕ್ಷೆ ಮಾಡಿದೀನಿ. ಹಿಂದಿನಿಂದ ಹೋಗಿ ತಟ್ಟೆ ಬೀಳಿಸಿದೀನಿ. ಒಂದೊಂದು ದಿನ ತಿರುಗ್ತಾಳೆ. ಒಂದೊಂದು ದಿನ ಇಲ್ಲ. ನೆರಳು ನೋಡಿ ತಿರುಗಿದಳೋ, ನೆಲ ಅದುರಿದ್ದಕ್ಕೆ ತಿರುಗಿದಳೋ, ಯಾರಿಗೆ ಗೊತ್ತು? ಇವಳು ಹುಟ್ಟಿದ ದಿನದಿಂದ ಬೆಳಗ್ಗೆ ಎದ್ದಲ್ಲಿಂದ ಮಲಗೋವರೆಗೂ ಮಾತಾಡ್ತಾ ಇದೀನಿ. ಕೇಳಿಸ್ತಾ ಇಲ್ಲ ಅಂದ್ರೆ, ಇಷ್ಟು ದಿನ ಯಾರ ಹತ್ತಿರ ಮಾತಾಡ್ತಾ ಇದ್ದೆ ನಾನು?”

ಒಳಗೆ ಬಾಗಿಲು ಹಾಕಿದ ಸದ್ದಾಯಿತು. ಮಧ್ಯಾಹ್ನದ ಹೊತ್ತು, ಮತ್ತೆ ತೆರೆಯುವುದು ಸಂಜೆಗೇ. ಅವಳಿಗೆ ದರ್ಶನವಾಗಲೇ ಇಲ್ಲ. ಎದ್ದು ನಲ್ಲಿಯಲ್ಲಿ ಮಗುವಿನ ಕೈ ತೊಳೆದು, ಬಟ್ಟೆ ಬದಲಾಯಿಸಿ, ಮುಚ್ಚಿದ ಬಾಗಿಲಿಗೆ ಅಲ್ಲಿಂದಲೇ ಕೈಮುಗಿದಳು. ಮಗುವಿನ ಕೈಗಳನ್ನೂ ಜೋಡಿಸಿ, “ಜೋಜೋ ಮಾಡು” ಎಂದಳು. ಹಾಗೆ ಹೇಳಿ, ರೈಲಿನಲ್ಲಿ ಮಾಡಿದಂತೆಯೇ, ಮೂರು ಎಣಿಸುವಷ್ಟು ಹೊತ್ತು ಕಾದಳು.

ಸಂಜೆಯ ಗಾಡಿಗೆ ಇನ್ನೂ ಸಮಯವಿತ್ತು. ಚನ್ನಪಟ್ಟಣಕ್ಕೆ ಮರಳಿ ಗೊಂಬೆಯ ಕೆಲಸ ನೋಡಿದೆವು. ಹಳೆಯ ರಸ್ತೆಯ ಎರಡು ಬದಿಯ ಗೊಂಬೆ ಅಂಗಡಿಗಳಲ್ಲಿ ಗಿರಾಕಿಗಳಿಗಿಂತ ಗೊಂಬೆಗಳೇ ಹೆಚ್ಚು. ಹಿಂದೆ ಮೈಸೂರಿಗೆ ಹೋಗುವ ಪ್ರತಿಯೊಂದು ಕಾರೂ ಇಲ್ಲಿ ನಿಲ್ಲುತ್ತಿತ್ತು. ಈಗ ಹೊಸ ಹೆದ್ದಾರಿ ಆ ಗಿರಾಕಿಯನ್ನು ಅಪಹರಿಸಿದೆ ಎಂದು ಅಂಗಡಿಯವರು ನಿಟ್ಟುಸಿರಿಟ್ಟರು. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಮನ್ನಣೆಯಿಂದ ಹೊಟ್ಟೆ ತುಂಬುವುದಿಲ್ಲವಾದರೂ, ಇಂಥ ಗೊಂಬೆಗಳನ್ನು ಎಲ್ಲಿಯೋ ಮಾಡಿ ಚನ್ನಪಟ್ಟಣದ್ದೆಂದು ಮಾರುವುದಕ್ಕೆ ಕಾನೂನಿನ ತಡೆಯೊಂದು ಬಂದಿದೆ.

ಅಂಗಡಿಯೊಂದರ ಹಿಂಭಾಗದಲ್ಲಿ ವೃದ್ಧರೊಬ್ಬರು ಕಡೆತದ ಯಂತ್ರದ ಮುಂದೆ ಕುಳಿತಿದ್ದರು. ನಮ್ಮನ್ನು ಒಳಗೆ ಕರೆದು ಕೂರಿಸಿದರು. ಈ ಗೊಂಬೆಗಳಿಗೆ ಬಳಸುವುದು ಆಲೆಮರ. ದಂತದಂತೆ ಬಿಳಿ, ಮೃದು, ಎಳೆ ಕಾಣದಷ್ಟು ನಯ. ತುಂಡು ಕತ್ತರಿಸಿ ಚೆನ್ನಾಗಿ ಒಣಗಿಸಿದ ಮೇಲೆಯೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಹಸಿಯಿದ್ದರೆ ಮುಂದೆ ಸೀಳುತ್ತದೆ. ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿ, ಉಳಿಯನ್ನು ಹೀಗೆ ತಾಗಿಸಿದರೆ ಸುರುಳಿ ಸುರುಳಿಯಾಗಿ ಹೊಟ್ಟು ಹಾರುತ್ತ, ನೋಡುನೋಡುತ್ತಿದ್ದಂತೆ ಒಂದು ತಲೆ, ಒಂದು ಕೊರಳು, ಒಂದು ಹೊಟ್ಟೆ ಮೂಡುತ್ತವೆ. ಬಣ್ಣ ಹಚ್ಚುವುದು ಇನ್ನೂ ಸೊಗಸು. ಇಲ್ಲಿ ಕುಂಚವಿಲ್ಲ. ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ತಾನಾಗಿ ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಒಣಗಿದ ಕೇದಗೆಯ ಗರಿಯಿಂದ ತೀಡಿದರೆ ಕನ್ನಡಿಯಂಥ ಹೊಳಪು. ಅರಿಸಿನದಿಂದ ಹಳದಿ, ನೀಲಿಯ ಗಿಡದಿಂದ ನೀಲಿ. ಮಗು ಬಾಯಿಗಿಟ್ಟುಕೊಂಡರೂ ಭಯವಿಲ್ಲದ ಬಣ್ಣಗಳೆಂಬುದು ಅವರ ಹೆಮ್ಮೆ. ಜಪಾನಿನ ಅರಗುಗೆಲಸದ ರೀತಿಯನ್ನು ಅಳವಡಿಸಿಕೊಂಡು ಈ ಕಸುಬಿಗೆ ಹೊಸರೂಪ ಕೊಟ್ಟವರೆಂದು ಬಾವಾಸ್ ಮಿಯಾನ್ ಅವರ ಹೆಸರನ್ನು ಇಲ್ಲಿ ಇಂದಿಗೂ ಗೌರವದಿಂದ ಹೇಳುತ್ತಾರೆ.

ನಾನು ಇದನ್ನೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದೆ. ನನ್ನಾಕೆಯ ಕಣ್ಣು ಬೇರೆ ಕಡೆ ಇತ್ತು. ಕಪಾಟಿನಿಂದ ಒಂದು ಗಿಲಕಿಯನ್ನು ತೆಗೆದು, ಮಗುವಿನ ಹಿಂದೆ ಸರಿದು, ಸೆರಗಿನ ಮರೆಯಲ್ಲಿ ಅಲ್ಲಾಡಿಸಿದಳು. ಪುಟ್ಟಿ ತಿರುಗಲಿಲ್ಲ, ತಿರುಗುತ್ತಿದ್ದ ಯಂತ್ರದ ಹೊಟ್ಟನ್ನು ಬಾಯಿಬಿಟ್ಟು ನೋಡುತ್ತಿದ್ದಳು. ಮತ್ತೆ ಅಲ್ಲಾಡಿಸಿದಳು. ವೃದ್ಧರು ಅದನ್ನು ಕಂಡರು. ಏನನ್ನೂ ಕೇಳದೆ ಯಂತ್ರವನ್ನು ನಿಲ್ಲಿಸಿದರು. ಕೋಣೆಯೆಲ್ಲ ನಿಶ್ಶಬ್ದವಾಯಿತು. “ಈಗ ಆಡಿಸಮ್ಮ” ಎಂದರು. ಆಡಿಸಿದಳು. ಪುಟ್ಟಿ ತಿರುಗಿದಳು, ಆದರೆ ಅದೇ ಗಳಿಗೆಗೆ ಅಂಗಡಿಯ ಹುಡುಗ ಬಾಗಿಲಲ್ಲಿ ಚಹಾ ಹಿಡಿದು ಬಂದಿದ್ದ. ಹುಡುಗನನ್ನು ನೋಡಿ ತಿರುಗಿದಳೋ, ಗಿಲಕಿಯನ್ನು ಕೇಳಿ ತಿರುಗಿದಳೋ! ವೃದ್ಧರು ಗಡ್ಡ ನೀವಿಕೊಂಡು, “ನನ್ನ ಮೊಮ್ಮಗ ಮೂರು ವರ್ಷ ತುಂಬಿದ ಮೇಲೇ ಮಾತಾಡಿದ್ದಮ್ಮ. ಈಗ ಬಾಯಿ ಮುಚ್ಚಿಸೋಕೆ ಆಗಲ್ಲ” ಎಂದರು. ಸಮಾಧಾನದ ಮಾತು. ಅಂಥ ಮಾತುಗಳನ್ನು ಅವಳು ಈ ಆರು ತಿಂಗಳಲ್ಲಿ ನೂರು ಕೇಳಿರಬೇಕು. ಆದರೂ ಗಿಲಕಿಯನ್ನು ಕೊಂಡಳು. ಹೊರಡುವಾಗ ಆತ, ಹೊಟ್ಟಿನ ಉದ್ದನೆಯ ಸುರುಳಿಯೊಂದನ್ನು ಆರಿಸಿ ಪುಟ್ಟಿಯ ಕೈಗೆ ಬಳೆಯಂತೆ ತೊಡಿಸಿದರು. ಮೈಸೂರು ತಲಪುವವರೆಗೂ ಆ ಬಳೆ ಮುರಿಯದೆ ಉಳಿದದ್ದು ಆಶ್ಚರ್ಯ.

ಮೈಸೂರಿನಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ರಾತ್ರಿ ಕಳೆದೆವು. ಹೊಸ ಜಾಗವಾದ್ದರಿಂದ ಮಗು ಹನ್ನೆರಡರವರೆಗೆ ಮಲಗಲಿಲ್ಲ, ತಾಯಿಯೂ ಮಲಗಲಿಲ್ಲ. ನಾನು ಮಲಗಿದೆ.

ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದು ಮಾನಸಗಂಗೋತ್ರಿಯಲ್ಲಿ. 1960ರ ದಶಕದ ಮಧ್ಯಭಾಗದಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಹೆಸರು ನನಗೆ ವಿದ್ಯಾರ್ಥಿದೆಸೆಯಿಂದಲೂ ತಿಳಿದದ್ದೇ. ಒಳಗೆ ಕಾಲಿಟ್ಟದ್ದು ಅಂದೇ. ಕಾಯುವ ಜಾಗದಲ್ಲಿ ನಾನಾ ಜಿಲ್ಲೆಗಳ, ನಾನಾ ರಾಜ್ಯಗಳ ತಾಯಂದಿರು. ದೊಡ್ಡಮಳೂರಿನ ಸಾಲು ಇಲ್ಲಿಯೂ ಮುಂದುವರಿದಂತಿತ್ತು. ಒಬ್ಬರ ಮಡಿಲಿನ ಚೀಲವನ್ನು ನೋಡಿದರೆ ಮೊಸರನ್ನದ ಡಬ್ಬಿ, ಬಾಳೆಹಣ್ಣು, ಹಳೆಯ ಬಟ್ಟೆಯ ತುಂಡು. ಅಪರಿಚಿತರಾದರೂ ಒಬ್ಬರ ಮಗುವಿಗೆ ಇನ್ನೊಬ್ಬರು ಬಿಸ್ಕತ್ತು ಕೊಡುತ್ತಿದ್ದರು. ಒಬ್ಬಾಕೆ ತನ್ನ ಹುಡುಗನ ಕಿವಿಯ ಹಿಂದಿನ ಯಂತ್ರದ ಬ್ಯಾಟರಿಯನ್ನು, ಕುಪ್ಪಸದ ಗುಂಡಿ ಹಾಕುವಷ್ಟೇ ಸಹಜವಾಗಿ ಬದಲಾಯಿಸಿದಳು. ನನ್ನಾಕೆ ಅದನ್ನು ಬಹಳ ಹೊತ್ತು ನೋಡಿದಳು.

ನಮ್ಮ ಸರದಿ ಬಂತು. ಸದ್ದು ಹೊರಗಿನಿಂದ ಒಳಬಾರದ, ದಪ್ಪ ಬಾಗಿಲಿನ ಕೋಣೆ. ತಾಯಿ ಕುರ್ಚಿಯಲ್ಲಿ, ಮಗು ತೊಡೆಯ ಮೇಲೆ. ಎಡಕ್ಕೊಂದು ಬಲಕ್ಕೊಂದು ಧ್ವನಿವರ್ಧಕ. ಸದ್ದು ಬಂದ ಕಡೆ ಮಗು ತಿರುಗಿದರೆ ಅಲ್ಲಿ ಪೆಟ್ಟಿಗೆಯೊಳಗಿನ ಗೊಂಬೆ ಬೆಳಗುತ್ತದೆ. ಗೊಂಬೆಯನ್ನು ನೋಡುವ ಆಸೆಗೆ ಮಗು ಮುಂದಿನ ಸದ್ದಿಗೆ ಕಿವಿಗೊಡುತ್ತದೆ. ಸದ್ದನ್ನು ಕಡಮೆ ಮಾಡುತ್ತ ಮಾಡುತ್ತ, ಎಲ್ಲಿಯವರೆಗೆ ತಿರುಗುತ್ತದೆಂದು ನೋಡುವುದು. ಪರೀಕ್ಷಿಸುವ ಹುಡುಗಿ ಚಿಕ್ಕ ವಯಸ್ಸಿನವಳು, ಮೃದುಮಾತಿನವಳು. “ಒಂದೇ ಒಂದು ನಿಯಮ ಮೇಡಂ,” ಎಂದಳು, “ನೀವು ಮಾತಾಡಬಾರದು. ಸದ್ದು ಕೇಳಿದಾಗ ನೀವು ಆ ಕಡೆ ನೋಡಬಾರದು, ಮೈ ಅಲುಗಿಸಬಾರದು. ನಿಮ್ಮನ್ನು ನೋಡಿ ಮಗು ತಿರುಗಿಬಿಡುತ್ತದೆ.”

ನಾನು ಗಾಜಿನ ಈಚೆ, ಆ ಹುಡುಗಿಯ ಬೆನ್ನ ಹಿಂದೆ ನಿಂತಿದ್ದೆ. ಹುಟ್ಟಿದಂದಿನಿಂದ ಮಗುವಿನ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದವಳು ಅಲ್ಲಿ ತುಟಿ ಬಿಗಿದು, ಎದುರಿನ ಗೋಡೆಯಲ್ಲಿ ದೃಷ್ಟಿ ನೆಟ್ಟು ಕುಳಿತಿದ್ದಳು. ಮಗುವಿನ ಸೊಂಟವನ್ನು ಹಿಡಿದಿದ್ದ ಬೆರಳುಗಳು ಬಿಳಿಚಿದ್ದವು. ಹುಡುಗಿ ಒಂದು ಗುಂಡಿಯನ್ನು ಒತ್ತಿದಳು. ನನಗೆ ಏನೂ ಕೇಳಿಸಲಿಲ್ಲ. ಪುಟ್ಟಿ ಸೆರಗಿನ ಅಂಚನ್ನು ಚೀಪುತ್ತಿದ್ದಳು. ಚೀಪುತ್ತಲೇ ಇದ್ದಳು. ಒಂದು, ಎರಡು, ಮೂರು ಎಂದು ನನ್ನೊಳಗೆ ಯಾರೋ ಎಣಿಸಿದರು.

ಪುಟ್ಟಿ ಸೆರಗನ್ನು ಬಿಟ್ಟು, ಬಲಗಡೆಗೆ ಕತ್ತು ಹೊರಳಿಸಿದಳು. ಗೊಂಬೆ ಬೆಳಗಿತು.

ತಾಯಿ ಅಲುಗಲಿಲ್ಲ. ಮತ್ತೆ ಸದ್ದು, ಈ ಬಾರಿ ಎಡಗಡೆ. ಮತ್ತೆ ಕತ್ತು ಹೊರಳಿತು. ಮತ್ತೆ, ಇನ್ನೂ ಮೆಲ್ಲಗೆ. ಮತ್ತೆ. ಹುಡುಗಿ ಕಾಗದದ ಮೇಲೆ ಗುರುತು ಹಾಕುತ್ತ ಹೋದಳು. ನನ್ನಾಕೆಯ ಕಣ್ಣಿಂದ ನೀರು ಕೆನ್ನೆಗೂ ಕೆನ್ನೆಯಿಂದ ಕೊರಳಿಗೂ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಮಗು ನೋಡಿಬಿಡುತ್ತದೆಂದು ಹಾಗೆಯೇ ಕುಳಿತಿದ್ದಳು.

ಕಿವಿ ಚೆನ್ನಾಗಿದೆ ಎಂದರು. ಮಾತು ತಡವಾಗಿರುವುದು ನಿಜ. ಎರಡು ವರ್ಷದ ಹೊತ್ತಿಗೆ ಎರಡೆರಡು ಪದ ಕೂಡಿಸಿ ಆಡುವುದು ವಾಡಿಕೆಯಾದ್ದರಿಂದ, ಸುಮ್ಮನೆ ಕಾಯುವ ಬದಲು ಈಗಿನಿಂದಲೇ ಮಾತಿನ ಅಭ್ಯಾಸಕ್ಕೆ ಕರೆತರಬೇಕೆಂದರು. ಮನೆಯಲ್ಲಿ ಹೇಗೆ ಮಾತಾಡಿಸುತ್ತೀರಿ ಎಂದು ಇನ್ನೊಬ್ಬ ಹಿರಿಯರು ಕೇಳಿದರು. ನನ್ನಾಕೆ ಹೇಳಿದಳು. “ನೀವೇ ಉತ್ತರ ಹೇಳುವುದಕ್ಕೆ ಮೊದಲು ಇನ್ನೂ ಸ್ವಲ್ಪ ಹೊತ್ತು ಕಾಯಿರಿ” ಎಂದರಷ್ಟೆ. ಆಮೇಲೆ ನನ್ನ ಕಡೆ ತಿರುಗಿ, “ನೀವು ಎಷ್ಟು ಹೊತ್ತು ಮಾತಾಡಿಸುತ್ತೀರಿ?” ಎಂದರು. ನಾನು ಮೇಷ್ಟರೆಂಬುದನ್ನು ಅವರಿಗೆ ಹೇಳಲಿಲ್ಲ.

ಮರಳಿ ಬರುವಾಗ ಸಂಜೆ. ಗಾಡಿಯಲ್ಲಿ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಮದ್ದೂರಿನಲ್ಲಿ ವಡೆ ಕೊಂಡೆವು. ಪುಟ್ಟಿಗೆ ಕಿಟಕಿಯಾಚೆ ಓಡುವ ಕಬ್ಬಿನ ಗದ್ದೆಗಳನ್ನು ತೋರಿಸಿ, “ಅದೇನು?” ಎಂದು ಕೇಳಿದೆ. ಕಾದೆ. ಮೂರು ಎಣಿಸುವುದು ಎಷ್ಟು ದೀರ್ಘವೆಂಬುದು ಎಣಿಸಿದವರಿಗೇ ಗೊತ್ತು. ನಾನು ಹತ್ತರವರೆಗೆ ಎಣಿಸಿದೆ. ಪುಟ್ಟಿ ನನ್ನ ಕನ್ನಡಕವನ್ನು ಕಿತ್ತುಕೊಂಡಳು. ಸ್ವಲ್ಪ ಹೊತ್ತಿಗೆ, ಹಳೆಯ ರವಿಕೆಯನ್ನು ಮುಖಕ್ಕೊತ್ತಿಕೊಂಡು ತಾಯಿಯ ಮಡಿಲಿನಲ್ಲಿ ನಿದ್ದೆಹೋದಳು.

ಚನ್ನಪಟ್ಟಣ ಬಂತು. ದೀಪ ಹಚ್ಚಿದ ಹೊತ್ತು. ಗುಡಿಯ ಬಾಗಿಲು ತೆರೆದಿರುತ್ತದೆ.

“ಇ‍ಳಿಯೋಣವೆ? ನಿನಗೆ ದರ್ಶನವೇ ಆಗಲಿಲ್ಲ. ಮುಂದಿನ ಗಾಡಿಗೆ ಹೋದರಾಯಿತು” ಎಂದೆ. ಚೀಲಕ್ಕೆ ಕೈಹಾಕಿ ಎದ್ದೂ ನಿಂತೆ.

ಅವಳು ಹೊರಗೆ ನೋಡಿದಳು, ಮಡಿಲನ್ನು ನೋಡಿದಳು. ಮಗುವಿನ ತಲೆಯಿಂದ ಮರದ ಹೊಟ್ಟಿನ ಚೂರೊಂದನ್ನು ಬೆರಳತುದಿಯಿಂದ ತೆಗೆದಳು.

“ಈಗ ತಾನೇ ಮಲಗಿದಾಳೆ,” ಎಂದು ಪಿಸುಗುಟ್ಟಿದಳು, “ಮೆಲ್ಲಗೆ ಮಾತಾಡಿ, ಕೇಳಿಸುತ್ತೆ.”

ಗಾಡಿ ಹೊರಟಿತು.